ಮೊದಲ ನೀವು ಮುಟ್ರಿ

ಮೊನ್ನೆ ಬಾಗಲಕೋಟ್ಯಾಗ ಕಿರಾಣಿ ಅಂಗಡಿಯಂವ ಅರಿಷಿಣದ ಚೀಲ ಬಿಚ್ಚಿದಾ. ಆ ವಾಸನಿ ಮೂಗಿಗೆ ಬಡದದ್ದ ತಡ, ನಾ ಹುನಗುಂದದ ಹಳೇ ಓಣ್ಯಾಗ ನಿಂತಿದ್ದೆ... ಬಾಜೂಮನಿ ಆಯಿ ಹಣಿತುಂಬ ಬೀರಪ್ಪನ ಭಂಡಾರ, ಅದ ದೇವರ ಅರಿಷಿಣ, ಹಚ್ಚಿಕೊಂಡು ಹೋಗೋ ಬರೋರನ್ನೆಲ್ಲಾ ಚಾಷ್ಟಿ ಮಾಡ್ತಿದ್ಲು.

ನಾ ಆಗ ಮಾಸ್ತರ ಹೆಂಡತಿಯಾಗಿ ಆ ಓಣಿಗೆ ಹೊಸದಾಗಿ ಬಂದಾಕಿ. "ಮಾತಾಡಿದ್ರ ಮುತ್ತ ಉದರತಾವೇನಬೇ?" ಅಂತ ನನ್ನ ಕಾಡೋಳು.

ಎಂಬತ್ತರ ಆಚೀಚೆ ಒಂದು ಇಲೆಕ್ಷನ್ನು. ಅಧಿಕಾರದಾಗಿದ್ದ ಪಕ್ಷದ ಜೀಪಿನಿಂದ ಪುಢಾರಿ ಜೋಡಿ ರೇಷನ್ ಸಾಹೇಬ್ರೂ ಇಳದ್ರು. ಸರ್ಕಾರದ ಪಗಾರ ತಿನ್ನೂ ಮನುಷ್ಯಾಗ ಪಾರ್ಟಿ ಜೀಪಿನ್ಯಾಗ ಏನ ಕೆಲಸ? ಪುಢಾರಿ ಓಣಿ ಹೆಣ್ಣಮಕ್ಕಳನ್ನ ಕೂಡಿಸಿ, "ನಮಗ ಓಟು ಹಾಕತೇವಂತ ಭಂಡಾರ ಮುಟ್ಟಿ ಆಣಿ ಮಾಡ್ರಿ. ಮಾಡದವ್ರ ಕಾರ್ಡ್ ಸಾಹೇಬ್ರು ರದ್ದ ಮಾಡ್ತಾರ" ಅಂದಾ. ಸಾಹೇಬ್ರು ನೆಲಾ ನೋಡಕೋತ ನಿಂತ್ರು.

ಆಯಿ ಮನ್ಯಾಗ ಉಣ್ಣೂ ಬಾಯಿ ಭಾಳ, ದುಡಿಯೂ ಕೈ ಕಡಿಮಿ. ರೇಷನ್ ಜ್ವಾಳ ನಿಂತ್ರ ಒಲಿ ಹತ್ತತಿರಲಿಲ್ಲ. ಹಂಗಂತ ಭಂಡಾರ ಮುಟ್ಟಿ ಸುಳ್ಳ ಹೇಳೂ ಪೈಕಿ ಆಕಿ ಅಲ್ಲ.

ಆಯಿ ಸಾವಕಾಶ ಎದ್ದು, ಭಂಡಾರದ ಬಟ್ಟಲಾ ತಂದು ಸಾಹೇಬ್ರ ಮುಂದ ಹಿಡದ್ಲು. "ಮೊದಲ ನೀವು ಮುಟ್ರಿ ಸಾಹೇಬ್ರ. ಆಣಿ ಮಾಡಸೋರು ಮೊದಲ ಆಣಿ ಮಾಡೂದು ನಮ್ಮ ಪದ್ಧತಿ. ಯಾರಿಗೆ ಓಟು ಹಾಕಿದ್ರೂ ರೇಷನ್ ನಿಲ್ಲಸೂದಿಲ್ಲ ಅನ್ರಿ. ಆಮ್ಯಾಲೆ ನಮ್ಮ ಪಾಳಿ."

ಸಾಹೇಬ್ರ ಮನಿದೇವರೂ ಬೀರಪ್ಪನ, ಅದು ಆಯಿಗೆ ಗೊತ್ತಿತ್ತು. ಪುಢಾರಿ ಸಾಹೇಬ್ರ ಅಂಗಿ ಹಿಡದು ಜಗ್ಗಿದಾ. ಆದ್ರೂ ಸಾಹೇಬ್ರು ಚಪ್ಪಲಿ ಬಿಟ್ಟು, ಭಂಡಾರ ಮುಟ್ಟಿ, ಆಯಿ ಹೇಳಿದಷ್ಟೂ ಹೇಳಿದ್ರು. ಹೇಳಿ ಮುಗಿಸಿದಾಗ ಮಾರಿಮ್ಯಾಲೆ ನಗಿ ಬಂದಿತ್ತು, ಪಾಪ, ಅವರಿಗೂ ಸಾಕಾಗಿತ್ತೋ ಏನೋ...

"ಈಗ ನಾವು," ಅಂತ ಆಯಿ ಕೈ ಇಟ್ಲು. "ಮನಸಿಗೆ ಬಂದವ್ರಿಗೆ ಓಟು ಹಾಕತೇವಿ."

ಓಣಿಗೆ ಓಣೀನ ಹೊಟ್ಟಿ ಹಿಡಕೊಂಡು ನಕ್ಕಿತು. ಪುಢಾರಿ ಒಬ್ಬನ ಜೀಪ್ ಹತ್ತಿದಾ, ಸಾಹೇಬ್ರು ನಡಕೋತ ಹ್ವಾದ್ರು. ಮುಂದಿನ ತಿಂಗಳ ಎಲ್ಲಾರಿಗೂ ಜ್ವಾಳ ಬಂತು.

"ಆಯಿ, ಖರೇನ ಅಂಥಾ ಪದ್ಧತಿ ಐತೇನು?" ಅಂತ ಕೇಳಿದೆ.

"ನಿನ್ನಿತನಕ ಇದ್ದಿಲ್ಲವ್ವಾ. ಇವತ್ತಿನಿಂದ ಐತಿ."

ಆಯಿ ಹೋಗಿ ಭಾಳ ವರ್ಷ ಆದ್ವು. ಹ್ವಾದ ಇಲೆಕ್ಷನ್‌ದಾಗ ಆಣಿ ಮಾಡಸಾಕ ಬಂದೋರಿಗೆ ಆಕಿ ಮೊಮ್ಮಗಳು, "ಮೊದಲ ನೀವು ಮುಟ್ರಿ, ನಮ್ಮ ಹಿರೇರ ಕಾಲದಿಂದ ಬಂದ ಪದ್ಧತಿ" ಅಂದ್ಲಂತ. ಫೋನಿನ್ಯಾಗ ಕೇಳಿ ನಕ್ಕ ನಕ್ಕ ಕಣ್ಣಾಗ ನೀರು ಬಂದ್ವು. ಇದನ್ನ ಓಡಿಹೋಗಿ ಆಯಿಗೆ ಹೇಳಬೇಕನಸ್ತು... ಕೇಳಾಕ ಆಕೀನ ಇಲ್ಲ.