ಅಜ್ಜಿಯ ದಾರಿಗೆ ಅಡ್ಡ ಬಂದ ಕಂಪೌಂಡು

ನಾನು ಕಾರ್ಕಳದ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್. ‘ಬ್ಲಾಕ್ ಆಫ್’ ಎಂಬುದನ್ನು ಎಂಟನೆಯ ತರಗತಿಗೆ ಹೇಳಿಕೊಡಲು ಐದು ನಿಮಿಷ ಸಾಕೆಂಬ ಜಂಬ ನನಗಿತ್ತು. ಸುಮ್ಮನೆ ಮುಚ್ಚುವುದಲ್ಲ, ಅಡ್ಡ ಏನನ್ನಾದರೂ ಇಟ್ಟು ಯಾರೂ ಆಚೆ ಹೋಗದ ಹಾಗೆ ಮಾಡುವುದು ಎಂದೆ. ಸಂತೆಕಟ್ಟೆಯಲ್ಲಿ ಹೈವೇ ಕೆಲಸಕ್ಕೆ ಬ್ಯಾರಿಕೇಡ್ ಇಟ್ಟಿದ್ದರಲ್ಲ, ಅದೇ ಎಂದು ಉದಾಹರಣೆಯನ್ನೂ ಕೊಟ್ಟೆ. ಈಗ ನೀವೊಂದು ವಾಕ್ಯ ಹೇಳಿ ಎಂದಾಗ ನಮ್ಮ ಪಕ್ಕದ ಮನೆಯ ಹುಡುಗಿ ಎದ್ದು ನಿಂತಳು. ನಮ್ಮ ಟೀಚರ್ ನನ್ನ ಅಜ್ಜಿಯ ದಾರಿಯನ್ನು ಬ್ಲಾಕ್ ಆಫ್ ಮಾಡಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಸರಿಯಾಯಿತೇ ಎಂಬಂತೆ ನನ್ನ ಮುಖ ನೋಡಿದಳು. ಒಂದಕ್ಷರ ತಪ್ಪಿರಲಿಲ್ಲ. ಗುಡ್ ಎಂದೆ. ಕಿವಿ ಬಿಸಿಯಾಗಿತ್ತು.

ನಮ್ಮ ಮನೆ ಅಜೆಕಾರಿನಲ್ಲಿ. ಅವಳ ಅಜ್ಜಿ ದಿನವೂ ಹಾಲಿನ ಕ್ಯಾನ್ ಹಿಡಿದು, ಬೇಲಿ ದಾಟಲು ಕಲ್ಲಿಟ್ಟು ಮಾಡಿದ ತಡಮೆಯಿಂದ ನಮ್ಮ ಅಂಗಳಕ್ಕಿಳಿದು, ನನ್ನ ಬಸಳೆ ಚಪ್ಪರದ ಪಕ್ಕದಿಂದ ಡೈರಿಗೆ ಹೋಗುತ್ತಿದ್ದರು. ಊರಲ್ಲೆಲ್ಲ ಕಂಪೌಂಡು ಎದ್ದಿತಲ್ಲ, ನನಗೂ ಬೇಕೆನಿಸಿತು. ಬೇಲಿ ತೆಗೆಸಿ ಉದ್ದಕ್ಕೂ ಕೆಂಪುಕಲ್ಲಿನ ಗೋಡೆ ಕಟ್ಟಿಸಿದೆ. ಅಜ್ಜಿ ಒಂದು ಮಾತೂ ಆಡಲಿಲ್ಲ. ಒಪ್ಪಿಗೆಯೇ ಇರಬೇಕೆಂದು ನಾನು ನನ್ನ ಅನುಕೂಲಕ್ಕೆ ತಿಳಿದುಕೊಂಡೆ.

ಸಂಜೆ ಬಸ್ಸಿಳಿದವಳೇ ಅವರ ಮನೆಗೆ ಹೋದೆ. ಮೊಣಕಾಲು ನೋವಿನಲ್ಲಿ ಟಾರು ರಸ್ತೆ ಸುತ್ತಿಕೊಂಡು ಹೋಗುವಷ್ಟರಲ್ಲಿ ಡೈರಿ ಬಾಗಿಲು ಹಾಕಿರುತ್ತಿತ್ತಂತೆ. ಇನ್ನು ಆಗುವುದಿಲ್ಲವೆಂದು ದನವನ್ನೇ ಮಾರಿ ಕೊಟ್ಟುಬಿಡುವ ಮಾತಾಗಿತ್ತು. ದನ ನೋಡುವವರು ಆದಿತ್ಯವಾರ ಬರುವವರಿದ್ದರು. ಅಜ್ಜಿ ನನಗೆ ಚಹಾ ತಂದಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು.

“ಜಾಗ ನಿನ್ನದೇ ಮಗಾ. ಆದರೆ ನನ್ನ ಹತ್ತಿರ ಒಂದು ಮಾತು ಕೇಳಬಹುದಿತ್ತು, ಅಲ್ವಾ?”

ಬೈದಿದ್ದರೆ ವಾಸಿಯಿತ್ತು. ನನಗೆ ಅಳುವೇ ಬಂತು. ದನ ಕೊಡಬೇಡಿ, ನಾಳೆಯೇ ದಾರಿ ಮಾಡಿಸುತ್ತೇನೆ ಎಂದೆ.

ಮರುದಿನ ಗೋಡೆ ಕಟ್ಟಿದ ಬಾಗಲಕೋಟೆಯ ಮೇಸ್ತ್ರಿಯನ್ನೇ ಕರೆಸಿದೆ. ಕಟ್ಟಿ ತಿಂಗಳಾಗಿಲ್ಲ, ಇಷ್ಟು ಬೇಗ ಒಡೆಯುವುದೇ ಎಂದು ಅವರು ನನ್ನನ್ನು ಕನಿಕರದಿಂದ ನೋಡಿದರು. ದೊಡ್ಡದಾಗಿಯೇ ಒಡೆಯಿರಿ, ಗೇಟು ಗೀಟು ಬೇಡ ಎಂದೆ. ತಪ್ಪು ಮಾಡಿದವರ ಧಾರಾಳತನ ನೋಡಿ! ಅಷ್ಟರಲ್ಲಿ ಅಜ್ಜಿ ಆಚೆಯಿಂದ ಬಂದು, ಎರಡು ಕೈ ಅಗಲಿಸಿ ಮೇಸ್ತ್ರಿಗೆ ಅಳತೆ ತೋರಿಸಿದರು.

“ಅಷ್ಟೆಲ್ಲ ಬೇಡ ಮಾರಾಯರೇ, ನಾನೊಬ್ಬಳು ದಾಟುವಷ್ಟು ಸಾಕು. ದನ ಇನ್ನು ಇಲ್ಲೇ ಉಂಟಲ್ಲ, ಇವಳ ಬಸಳೆಗೆ ಬಾಯಿ ಹಾಕದೆ ಬಿಡುತ್ತದಾ?”