ಅಂಕಲ್ ನೀರುಣಿಸಿದ ಸಕ್ಯುಲೆಂಟ್‌ಗಳು

ಬಿಟಿಎಂ ಲೇಔಟಿನಲ್ಲಿ ನಾನು ಬಾಡಿಗೆಗಿರುವ ಮನೆಯ ಮಾಲೀಕರಾದ ಅಂಕಲ್, ಆಂಟಿ ಮೇಲಿನ ಮಹಡಿಯಲ್ಲೇ ಇದ್ದಾರೆ. ಆಂಟಿಗೆ ಸಕ್ಯುಲೆಂಟ್‌ಗಳ ಹುಚ್ಚು. ದಪ್ಪ ಎಲೆಗಳನ್ನು ಗುಲಾಬಿಯಂತೆ ಜೋಡಿಸಿಕೊಂಡ ಆ ಪುಟ್ಟ ಗಿಡಗಳು ತಾರಸಿಯ ಕಟ್ಟೆಯ ಉದ್ದಕ್ಕೂ ಕೂತಿರುತ್ತವೆ.

ಒಂದು ಭಾನುವಾರ ಬಟ್ಟೆ ಒಣಹಾಕಲು ಹೋದಾಗ ಆಂಟಿ ಒಂದು ಗಿಡ ಹಿಡಿದು ಸಪ್ಪಗೆ ನಿಂತಿದ್ದರು. ಮುಟ್ಟಿದ ಕೂಡಲೇ ಅದು ಕುಂಡದಿಂದ ಕಳಚಿ ಬಂದಿತ್ತಂತೆ. ಬೇರುಗಳೆಲ್ಲ ಕೊಳೆತುಹೋಗಿದ್ದವು. ಎಲೆಗಳ ಸಂದಿಯಲ್ಲಿ ಹತ್ತಿಯಂಥ ಬಿಳಿ ಹುಳು. ಉಳಿದ ಗಿಡಗಳದ್ದೂ ಅದೇ ಕಥೆ.

“ಎಲ್ಲಾ ಹೋಯ್ತು ಕಣಮ್ಮ, ಎಸೆದುಬಿಡ್ತೀನಿ,” ಎಂದರು.

“ತಡೀರಿ ಆಂಟಿ, ಒಗೀಬ್ಯಾಡ್ರಿ. ಇನ್ನೂ ಜೀವ ಐತಿ,” ಎಂದೆ. ಧಾರವಾಡದ ನಮ್ಮ ಮನೆಯ ಗಿಡಗಳಿಗೂ ಇದೇ ಹುಳು ಹತ್ತಿತ್ತು. ಅವನ್ನು ಉಳಿಸಿಕೊಂಡ ಧೈರ್ಯ ನನಗಿತ್ತು.

ಗಿಡಗಳನ್ನೆಲ್ಲ ಕಿತ್ತು, ಕೊಳೆತದ್ದನ್ನು ಕತ್ತರಿಸಿ, ಸ್ಪಿರಿಟ್‌ನಲ್ಲಿ ಅದ್ದಿದ ಇಯರ್‌ಬಡ್‌ನಿಂದ ಹುಳು ಒರೆಸಿದೆವು. ಆಂಟಿ ಸಿಕ್ಕ ಒಂದೊಂದು ಹುಳುವಿಗೂ ಬೈಯುತ್ತಿದ್ದರು. ಗಾಯ ಒಣಗಲೆಂದು ಗಿಡಗಳನ್ನು ನೆರಳಲ್ಲಿ ಹಾಸಿ, ಆಮೇಲೆ ಒಣ ಮರಳುಮಣ್ಣಿನ ಮೇಲೆ ಕೂರಿಸಿದೆವು. ಬೇರು ಬರುವ ತನಕ ಹನಿ ನೀರೂ ಕೂಡದು ಎಂದು ತೀರ್ಮಾನವಾಯಿತು.

ಆದರೂ ಮರುವಾರ ಎರಡು ಗಿಡ ಮೆತ್ತಗಾದವು. ಮಣ್ಣು ಮುಟ್ಟಿದರೆ ಒದ್ದೆ. ನಮಗೆ ಅರ್ಥವಾಗಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ತಾರಸಿಗೆ ಹೋದಾಗ ಅಂಕಲ್ ಚೊಂಬು ಹಿಡಿದು ಗಿಡಗಳ ಮೇಲೆ ಬಗ್ಗಿದ್ದರು.

“ರೀ! ನೀವಾ ಇದು?” ಆಂಟಿ ಕೂಗಿದರು. “ನಾನು ಹುಳಾನ ಬೈಕೊಂಡು ಕೂತಿದ್ದೀನಿ!”

ಅಂಕಲ್ ಗಾಬರಿಯಾಗಿ ನನ್ನ ಕಡೆ ನೋಡಿದರು. “ಕಾಯಿಲೆ ಬಿದ್ದಿವೆ ಅಂದ್ರಲ್ಲಮ್ಮ. ಪಾಪ, ಬಾಯಾರಲ್ವಾ?”

ಆಂಟಿಗೆ ನಗು ತಡೆಯಲಾಗಲಿಲ್ಲ. ಕರಿಬೇವು, ದಾಸವಾಳಗಳ ಉಸ್ತುವಾರಿ ಅಂಕಲ್‌ಗೆ ಕೊಟ್ಟು ಚೊಂಬನ್ನು ಆ ಕಡೆಗೆ ತಿರುಗಿಸಿದೆವು.

ಮೆತ್ತಗಾದ ಎರಡೂ ಸತ್ತವು. ಉಳಿದವು ಸುಕ್ಕುಗಟ್ಟಿದರೂ ಹಟ ಹಿಡಿದು ನಿಂತವು. ಒಂದು ದಿನ ನಾನು ಹಲ್ಲುಜ್ಜುತ್ತಿರುವಾಗ ಮೇಲಿನಿಂದ ಆಂಟಿಯ ಕೂಗು: “ಬೇಗ ಬಾರೇ, ಬೇರು ಬಂದಿದೆ!”

ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿದೆ. ಕಾಂಡದ ತುದಿಯಲ್ಲಿ ತಿಳಿಗುಲಾಬಿ ಬಣ್ಣದ, ದಾರದೆಳೆಯಂಥ ಬೇರುಗಳು. ಉದುರಿದ ಎಲೆಯೊಂದರ ಬುಡದಲ್ಲಿ ಅಕ್ಕಿಕಾಳಿನಷ್ಟು ಮರಿಗಿಡವೂ ಇತ್ತು. ಮೂವರೂ ಕುಕ್ಕರುಗಾಲಲ್ಲಿ ಕೂತು ಅದನ್ನೇ ನೋಡಿದೆವು. ನಾನು ಆಫೀಸಿಗೆ ತಡವಾಗಿ ಹೋದೆ.