ಒಂದು ಕೊಳವೆಗಾಗಿ ತಡವಾದ ಎಂಜಿನ್

ನಮ್ಮ ತಿ. ನರಸೀಪುರಕ್ಕೆ ರೈಲಿಲ್ಲ. ಹೊಳೆಗಳಿವೆ, ಬೇಕಾದಷ್ಟು ದೇವಸ್ಥಾನಗಳಿವೆ, ರೈಲು ಮಾತ್ರ ಇಲ್ಲ. ಅಂಥ ಊರಿನಲ್ಲಿ ಮಹಡಿಯ ಕೋಣೆಯಲ್ಲಿ ಎರಡು ಹಳೆಯ ಬಾಗಿಲುಗಳನ್ನು ಜೋಡಿಸಿ, ಅವುಗಳ ಮೇಲೆ ನಂಜನಗೂಡಿನ ಹಿಂದಿನ ಕಾಲದ ಸ್ಟೇಷನ್ನನ್ನು ಆಟಿಕೆಯ ಅಳತೆಯಲ್ಲಿ ಕಟ್ಟಿರುವ ನಿವೃತ್ತ ಗಣಿತದ ಮೇಷ್ಟ್ರು ನಾನು. "ಊರಲ್ಲಿ ರೈಲಿಲ್ಲ, ನಮ್ಮನೇಲಿ ಸ್ಟೇಷನ್ನು" ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳಿ ನಗುತ್ತಾಳೆ. ನಗಲಿ. ನಂಜನಗೂಡಿನಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಸಣ್ಣ ಹಳಿಯ ಮೇಲೆ ಹೊಗೆ ಬಿಡುತ್ತ ಬರುತ್ತಿದ್ದ ಆ ಕಪ್ಪು ಎಂಜಿನ್ನನ್ನು ಕಿಟಕಿಯಿಂದ ನೋಡಲೆಂದೇ ಹುಡುಗರಿಗೆ ಉದ್ದುದ್ದ ಲೆಕ್ಕ ಕೊಟ್ಟು ಕೂರಿಸುತ್ತಿದ್ದವನು ನಾನು. ಈ ಹುಚ್ಚು ಅಲ್ಲಿಯದು.

ಇನ್ನೊಂದು ಹುಚ್ಚೂ ಇದೆ. ತಪ್ಪು ಕಂಡರೆ ನನಗೆ ಸುಮ್ಮನಿರಲಾಗದು. ಮದುವೆಯ ಕರೆಯೋಲೆಯಲ್ಲಿ ವಾರಕ್ಕೂ ತಾರೀಖಿಗೂ ತಾಳೆಯಾಗದಿದ್ದರೆ ಹುಡುಗಿಯ ತಂದೆಗೆ ಫೋನು ಮಾಡಿ ಹೇಳುತ್ತೇನೆ. ಬಸ್ ಸ್ಟ್ಯಾಂಡಿನ ಗಡಿಯಾರ ನಾಲ್ಕು ನಿಮಿಷ ಹಿಂದಿದೆ ಎಂದು ಡಿಪೋಗೆ ಅರ್ಜಿ ಕೊಟ್ಟವನು. ನಲವತ್ತು ವರ್ಷ ಕೆಂಪು ಶಾಯಿ ಹಿಡಿದ ಕೈ, ನಿವೃತ್ತಿಯಾಯಿತೆಂದು ಕೇಳುತ್ತದೆಯೇ?

ನನ್ನ ಸ್ಟೇಷನ್ನಿನಲ್ಲಿ ಎಲ್ಲ ಇತ್ತು. ಪ್ಲಾಟ್‌ಫಾರ್ಮು, ಹೆಂಚಿನ ಮಾಡು, ಬೇವಿನ ಮರ, ಕಲ್ಲುಬೆಂಚು. ಎಂಜಿನ್ ಮಾತ್ರ ಇರಲಿಲ್ಲ. ಅಂಗಡಿಗಳಲ್ಲಿ ಸಿಗುವುದೆಲ್ಲ ಹೊರದೇಶದ ಬಣ್ಣಬಣ್ಣದವು. ನಮ್ಮ ಲೈನಿನ ಎಂಜಿನ್ನನ್ನು ಯಾವ ಪುಣ್ಯಾತ್ಮನೂ ಮಾಡಿರಲಿಲ್ಲ. ಹಾಗಿರುವಾಗ ಬೇರೆ ರಾಜ್ಯದಲ್ಲಿ ಪುಟ್ಟ ಕಾರ್ಖಾನೆ ಇಟ್ಟುಕೊಂಡ ಅಣ್ಣ ತಂಗಿ ಇಬ್ಬರು, ದಕ್ಷಿಣದ ಸಣ್ಣ ಹಳಿಯ ಉಗಿ ಎಂಜಿನ್ನನ್ನು ಗೇಣುದ್ದದಲ್ಲಿ ಹೊರತರುತ್ತೇವೆಂದು ಪ್ರಕಟಿಸಿದರು. ಅವತ್ತು ನಾನು ಊಟದ ಮಧ್ಯೆ ಎದ್ದು ಎಡಗೈಯಲ್ಲೇ ಫೋನು ಒತ್ತಿ ಹೆಸರು ಬರೆಸಿದೆ. ಮಾರನೆಯ ದಿನ ಬಸ್ಸು ಹತ್ತಿ ನಂಜನಗೂಡಿಗೆ ಹೋದೆ, ಸುದ್ದಿ ಹೇಳಲು.

ಹೇಳಬೇಕಾಗಿದ್ದದ್ದು ಒಬ್ಬರಿಗೇ. ಅವರು ರೈಲ್ವೆಯಲ್ಲಿ ಕೀಮನ್ ಆಗಿದ್ದವರು. ದಿನಾ ಬೆಳಗ್ಗೆ ಹೆಗಲ ಮೇಲೆ ಸುತ್ತಿಗೆ ಇಟ್ಟುಕೊಂಡು ನಂಜನಗೂಡಿನಿಂದ ಕವಲಂದೆಯ ಕಡೆಗೆ ಹಳಿಯ ಗುಂಟ ನಡೆದು, ಸಡಿಲಾದ ಕೀಲುಗಳನ್ನು ಬಡಿದು ಬಿಗಿ ಮಾಡುವ ಕೆಲಸ. ಬದನವಾಳಿನ ಕಡೆಯವರು, ಈಗ ನಂಜನಗೂಡಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಹಳೆಯ ಸ್ಟೇಷನ್ನಿನ ನೀರಿನ ತೊಟ್ಟಿಯನ್ನು ನಾನೊಬ್ಬನೇ ಟೇಪು ಹಿಡಿದು ಅಳೆಯಲು ಒದ್ದಾಡುತ್ತಿದ್ದಾಗ, "ಕೊಡಿ ಸಾ, ಆ ಕಡೆ ನಾನ್ ಇಡ್ಕತೀನಿ" ಎಂದು ಬಂದವರು. ಅಲ್ಲಿಂದ ಆರು ವರ್ಷ ಟೇಪಿನ ಇನ್ನೊಂದು ತುದಿ ಅವರ ಕೈಯಲ್ಲೇ ಇತ್ತು. ನನ್ನ ಪುಟ್ಟ ಹಳಿಗಳ ಕೆಳಗೆ ಹಾಸಿರುವ ಜಲ್ಲಿಯನ್ನು ಹಿಟ್ಟಿನ ಜರಡಿಯಲ್ಲಿ ಸೋಸಿ ಕೊಟ್ಟವರೂ ಅವರೇ.

ಸುದ್ದಿ ಕೇಳಿ ಅವರು ತುಂಬ ಹೊತ್ತು ನಕ್ಕರು. ಆಮೇಲೆ ಹೇಳಿದರು:

"ಅಷ್ಟು ವರ್ಸ ಕೆಳಗಿಂದ್ಲೇ ನೋಡಿದ್ದು ಕಣ್ ಸಾ. ಗಾಡಿ ಬತ್ತು ಅಂದ್ರೆ ಹಳಿ ಬುಟ್ಟು ಕೆಳಕ್ ಇಳ್ದು ನಿಂತ್ಕಳದು. ಚಕ್ರ ಕಾಣೋದು, ಒಟ್ಟೆ ಕಾಣೋದು. ಅದ್ರ ನೆತ್ತಿ ಎಂಗದೆ ಅಂತ ಒಂದ್ ದಿನಾನೂ ನೋಡ್ನಿಲ್ಲ. ಅದು ಬರ್ಲಿ. ಅಂಗೈ ಮ್ಯಾಲೆ ಮಡಿಕಂಡು ಮೇಲಿಂದ ಒಂದ್ಸಲ ನೋಡ್ಬುಡ್ತೀನಿ."

ಆಸೆ ಅಷ್ಟೇ. ಆದರೆ ಅದಕ್ಕೆ ಗಡುವಿತ್ತು. ಸಕ್ಕರೆ ಕಾಯಿಲೆ ಅವರ ಒಂದು ಕಣ್ಣನ್ನು ಆಗಲೇ ತಿಂದಿತ್ತು. ಇನ್ನೊಂದೂ ಹೆಚ್ಚು ದಿನ ಉಳಿಯಲಾರದು ಎಂದು ಡಾಕ್ಟರು ಹೇಳಿದ್ದರು. ಇದನ್ನು ಅವರು ನನ್ನಿಂದ ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ದರೆ ಇವತ್ತು ನನಗೊಂದು ನೆಪವಾದರೂ ಇರುತ್ತಿತ್ತು.

ಐದಾರು ತಿಂಗಳಿಗೆ ಕಾರ್ಖಾನೆಯವರು ಮೊದಲ ಮಾದರಿಯ ಫೋಟೋ ಕಳಿಸಿದರು. ಎರಡೂ ಪಕ್ಕದಿಂದ ತೆಗೆದ ಚಿತ್ರಗಳು. ಏನಾದರೂ ತಿದ್ದುಪಡಿ ಇದ್ದರೆ ತಿಳಿಸಿ, ಇಲ್ಲದಿದ್ದರೆ ತಯಾರಿಕೆಗೆ ಕೊಡುತ್ತೇವೆ, ಎರಡು ತಿಂಗಳಲ್ಲಿ ಕೈಸೇರುತ್ತದೆ ಎಂದು ಬರೆದಿದ್ದರು. ಅವತ್ತು ಕೀಮನ್ ನಮ್ಮ ಮನೆಗೇ ಬಂದಿದ್ದರು. ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಉಳಿದಿದ್ದ ಆ ಒಂದು ಕಣ್ಣನ್ನು ಕಿರಿದು ಮಾಡಿ ನೋಡಿದರು. "ಅದೇ ಸಾ! ಅದೇ ಬಂದ್ಬುಟ್ಟದೆ! ತರ್ಸಿ ಸಾ" ಎಂದರು.

ನಾನು ತರಿಸಬೇಕಿತ್ತು. ನನ್ನ ಕಣ್ಣು ಆಗಲೇ ಡ್ರೈವರ್ ಹತ್ತುವ ಮೆಟ್ಟಿಲಿನ ಪಕ್ಕದಲ್ಲಿ ನೆಟ್ಟಿತ್ತು. ಅಲ್ಲಿ ಕೆಳಕ್ಕೆ ಇಳಿಯುವ ಒಂದು ಸಣ್ಣ ಕೊಳವೆ. ಬಾಯ್ಲರಿಗೆ ನೀರು ಬಿಡುವಾಗ ಹೆಚ್ಚಾದ ಬಿಸಿನೀರು ಅದರಿಂದ ಹೊರಕ್ಕೆ ಸುರಿಯುತ್ತದೆ. ಮಾದರಿಯಲ್ಲಿ ಅದನ್ನು ಎಡಗಡೆಗೆ ಇಟ್ಟಿದ್ದರು. ಬೇರೊಂದು ಊರಿನ ಸ್ಟೇಷನ್ ಮುಂದೆ ಪ್ರದರ್ಶನಕ್ಕೆ ನಿಲ್ಲಿಸಿರುವ ಇದೇ ಜಾತಿಯ ಎಂಜಿನ್ನನ್ನು ನಾನು ಸ್ವತಃ ಹೋಗಿ ಅಳೆದು ಬಂದಿದ್ದೆ. ಅಲ್ಲಿ ಕೊಳವೆ ಇದ್ದದ್ದು ಬಲಗಡೆ. ನನ್ನ ಬಳಿ ಫೋಟೋ ಇತ್ತು, ಅಳತೆಯ ಪುಸ್ತಕ ಇತ್ತು.

"ತಪ್ಪು! ಕೊಳವೆ ಬಲಗಡೆಗೆ ಬರಬೇಕು!" ಎಂದು ಕೂಗಿಯೇಬಿಟ್ಟೆ.

"ಅಂಗಾ ಸಾ?" ಎಂದರು ಅವರು. ಬಾಯಿ ಒಂದಿಷ್ಟು ತೆರೆದೇ ಇತ್ತು. ನನ್ನ ಜ್ಞಾನಕ್ಕೆ ಬೆರಗಾಗಿದ್ದಾರೆ ಎಂದುಕೊಂಡೆ. ಅಯ್ಯೋ, ನನ್ನ ಜ್ಞಾನವೇ!

ಆಗಲೇ ಕೂತು ನಾಲ್ಕು ಪುಟದ ಕಾಗದ ಬರೆದೆ, ಚಿತ್ರ ಸಮೇತ. ಕಾಫಿ ತಂದ ಹೆಂಡತಿ ವಿಷಯ ತಿಳಿದು, ಅವರು ಹೊರಟ ಮೇಲೆ ಜಗಳಕ್ಕೇ ನಿಂತಳು.

"ಆ ನಳಿಕೆ ಆ ಕಡೆ ಇದ್ದರೇನು, ಈ ಕಡೆ ಇದ್ದರೇನು? ಆ ಮನುಷ್ಯನ ಕಣ್ಣು ನಿಮ್ಮ ಕಾಗದಕ್ಕೆ ಕಾಯ್ಕೊಂಡು ಕೂತಿರುತ್ತೇನ್ರೀ?"

"ತಪ್ಪು ಅಂದ ಮೇಲೆ ತಪ್ಪು. ಒಂದು ತಿಂಗಳು ತಡವಾದರೆ ಆಕಾಶ ಬೀಳಲ್ಲ" ಎಂದು ನಾನು ಗದರಿದೆ.

"ಸರಿ ಬಿಡಿ, ನೀವು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದು ಲೋಟ ತೆಗೆದುಕೊಂಡು ಹೋದಳು.

ಕಾರ್ಖಾನೆಯವರು ನನ್ನನ್ನು ಹೊಗಳಿ ಉತ್ತರ ಬರೆದರು. ಇಷ್ಟು ಸೂಕ್ಷ್ಮವಾಗಿ ನೋಡುವವರು ಅಪರೂಪ, ಅಚ್ಚು ತಿದ್ದಿಸುತ್ತೇವೆ, ಕೊಂಚ ತಡವಾಗಬಹುದು ಎಂದು. ಆ ಉತ್ತರವನ್ನು ನಾನು ಪ್ರಿಂಟು ಹಾಕಿಸಿ ಇಟ್ಟುಕೊಂಡೆ.

ಕೊಂಚ ಅಂದದ್ದು ವರ್ಷ ದಾಟಿತು. ಅಚ್ಚು ಮಾಡುವವನು ಕೈಕೊಟ್ಟ, ಹೊಸ ಅಚ್ಚಿನಲ್ಲಿ ಮೆಟ್ಟಿಲು ಸೊಟ್ಟಗಾಯಿತು, ಮತ್ತೆ ಮೊದಲಿಂದ. ಕೀಮನ್ ನಂಜನಗೂಡಿನಿಂದ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. "ಬತ್ತಾ ಸಾ?" ಎಂದಷ್ಟೇ ಕೇಳುವುದು. "ಮುಂದಿನ ತಿಂಗಳು" ಎಂದು ನಾನು. ಯುಗಾದಿಗೆ ಹೋದಾಗ ನಾನು ಬೀದಿಯ ಕೊನೆಯಲ್ಲಿರುವಾಗಲೇ ಗುರುತು ಹಿಡಿದು ಕೈಯೆತ್ತಿದ್ದರು. ಗೌರಿ ಹಬ್ಬದ ಹೊತ್ತಿಗೆ ಬಾಗಿಲಿಗೆ ಬಂದ ಮೇಲೆ ಗೊತ್ತಾಗುತ್ತಿತ್ತು. ದೀಪಾವಳಿ ಕಳೆದು ಹೋದಾಗ "ಯಾರು?" ಎಂದರು. ನಾನು ಮಾತಾಡಿದ ಮೇಲೆ, "ಓ, ಸಾ! ಬನ್ನಿ ಬನ್ನಿ" ಎಂದು ನಾನಿಲ್ಲದ ಕಡೆಗೆ ಕುರ್ಚಿ ಎಳೆದರು. ಕಾರ್ಖಾನೆಗೆ ಕಾಗದ ಬರೆದು "ಇದ್ದ ಹಾಗೇ ಕಳಿಸಿ" ಎನ್ನಲು ಆಗಲೂ ಸಮಯವಿತ್ತೋ ಏನೋ. ಮೇಲಿಂದ ಒಂದು ಫೋಟೋ ತೆಗೆದು ಕಳಿಸಿ ಎಂದು ಮೊದಲೇ ಕೇಳಬಹುದಿತ್ತು. ಅವರ ಕಣ್ಣಿದ್ದಾಗ ಅದೊಂದು ನನಗೆ ಹೊಳೆಯಲೇ ಇಲ್ಲ. ಕೊಳವೆ ಹೊಳೆದವನಿಗೆ ಅದು ಹೊಳೆಯಲಿಲ್ಲ.

ಎಂಜಿನ್ ಬಂದದ್ದು ಶಿವರಾತ್ರಿಯ ಹಿಂದುಮುಂದು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಂಜನಗೂಡಿನ ಬಸ್ಸು ಹತ್ತಿದೆ. ಒಳಗೊಂದು ಚೀಟಿ ಇತ್ತು. ಕೊಳವೆಯ ಸ್ಥಾನವನ್ನು ತಿದ್ದಿಕೊಟ್ಟ ತಿ. ನರಸೀಪುರದ ಹಿರಿಯರಿಗೆ ಕೃತಜ್ಞತೆ ಎಂದು ಅಚ್ಚು ಹಾಕಿಸಿದ್ದರು. ನಾಚಿಕೆಗೇಡು, ಆದರೆ ಹೇಳಿಬಿಡುತ್ತೇನೆ: ಅವರ ಕಣ್ಣು ಪೂರ್ತಿ ಹೋಗಿದೆ ಎಂದು ಗೊತ್ತಿದ್ದೂ ದಾರಿಯುದ್ದಕ್ಕೂ ಆ ಸಾಲನ್ನು ಮೂರು ಸಲ ಓದಿಕೊಂಡೆ.

ಅವರು ಬುದ್ಧನ ಪಟವಿದ್ದ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ಪೆಟ್ಟಿಗೆ ಬಿಚ್ಚಿ ಎಂಜಿನ್ನನ್ನು ಅವರ ಅಂಗೈ ಮೇಲಿಟ್ಟೆ. "ತೂಕ ಅದೆ" ಎಂದರು. ಇನ್ನೊಂದು ಕೈಯಿಂದ ಮುಟ್ಟಲಿಲ್ಲ. ಮುಖ ಕೆಳಗೆ ಮಾಡಿ, ನೋಡುವವರಂತೆಯೇ ಹಿಡಿದು ಕೂತರು.

"ಮೇಲಿಂದ ನೋಡಿ ನಂಗೆ ಏಳಿ ಸಾ. ಏನ್ ಕಾಣ್ತದೆ?"

ನಾನು ಬಗ್ಗಿ ನೋಡಿ ಹೇಳುತ್ತ ಹೋದೆ. ಮುಂದೆ ಹೊಗೆ ಕೊಳವೆ. ಅದರ ಹಿಂದೆ ಬೋರಲು ಹಾಕಿದ ಬೋಗುಣಿಯಂಥ ಉಬ್ಬು. ಬಾಯ್ಲರಿನ ಬೆನ್ನ ಮೇಲೆ ತೆಳ್ಳಗಿನ ಪಟ್ಟಿಗಳು. ಹಿಂದೆ ಡ್ರೈವರ್ ನಿಲ್ಲುವ ಕೋಣೆಯ ಮಾಡು, ಮಾಡಿನ ನಡುವೆ ಗಾಳಿಗೆಂದು ಬಿಟ್ಟ ಒಂದು ಕಿಂಡಿ.

"ಮಾಡ್ನಲ್ಲಿ ಕಿಂಡಿ ಅದಾ?" ಎಂದು ಅವರು ತಲೆ ಎತ್ತಿದರು. "ಅಂಗಾರೆ ಮಳೇಲಿ ಡ್ರೈವರ್ಗಳೂ ನೆಂದವ್ರೆ ಬುಡಿ. ನಾನೊಬ್ನೇ ನೆನೀತಿದ್ದೆ ಅಂದ್ಕಂಡಿದ್ದೆ." ಹೇಳಿ ಗಟ್ಟಿಯಾಗಿ ನಕ್ಕರು. ನನಗೆ ನಗು ಬರಲಿಲ್ಲ. ಆ ಕಿಂಡಿಯನ್ನು ಅವರೇ ಕಂಡು ನಗಬೇಕಿತ್ತು.

ಆಮೇಲೆ ಬೆರಳಿನಿಂದ ಮುಟ್ಟುತ್ತ ಹೋದರು. ಚಕ್ರ, ಚಕ್ರ ತಿರುಗಿಸುವ ಸಲಾಕೆ, ಮೆಟ್ಟಿಲು. ಮೆಟ್ಟಿಲಿನ ಹತ್ತಿರ ಬೆರಳು ನಿಂತಿತು. ಎಡಗಡೆ ತಡವಿದರು, ಬಲಗಡೆ ತಡವಿದರು, ಮತ್ತೆ ಎಡಕ್ಕೆ ಬಂದರು.

"ಏನಾಯ್ತು?" ಎಂದೆ.

"ಏನಿಲ್ಲ ಬುಡಿ ಸಾ. ಚೆಂದಾಗದೆ."

"ಇಲ್ಲ, ಹೇಳಿ."

ಅವರು ಎಂಜಿನ್ನನ್ನು ಹುಷಾರಾಗಿ ಮಡಿಲಲ್ಲಿಟ್ಟುಕೊಂಡು ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದರು. ಮೊಣಕೈಯಿಂದ ಕೆಳಗೆ ಚರ್ಮ ಸುಟ್ಟು ಸುಕ್ಕಾಗಿ ಹೊಳೆಯುತ್ತಿತ್ತು. ಬಹಳ ಹಳೆಯ ಕಲೆ. ಆರು ವರ್ಷ ಟೇಪು ಹಿಡಿದ ಕೈ ಅದು, ತುಂಬು ತೋಳಿನ ಅಂಗಿಯೊಳಗೆ ಏನಿದೆಯೆಂದು ನಾನು ಕಂಡವನಲ್ಲ.

"ಬೆಳಿಗ್ಗೆ ಗಾಡಿ ಬರೋವಾಗ ಅದ್ರ ಎಡಗಡೆಲೇ ನಾನ್ ನಿಂತ್ಕಳದು ಸಾ. ಇನ್ನೊಂದ್ ಕಡೆ ಗದ್ದೆ, ಕಾಲಿಡಕ್ ಜಾಗಿಲ್ಲ. ಸೇತ್ವೆ ತಾವ ನಿಧಾನಕ್ ಬರೋದು. ಒಂದಿನ ಆ ನಳಿಕೆ ನೀರು ಪೂರಾ ಕೈ ಮ್ಯಾಲ್ ಬಿತ್ತು. ಅಲ್ಲಿಂದೀಚೆಗೆ ಗಾಡಿ ಕಂಡ್ರೆ ಮೊದ್ಲು ಆ ನಳಿಕೆನೇ ನೋಡ್ತಿದ್ದೆ. ನಮ್ ಲೈನಲ್ಲಿ ಓಡಾಡಿದ್ವಕ್ಕೆಲ್ಲ ಎಡಗಡೆಗೇ ಇದ್ದಿದ್ದು. ನೀವ್ ಅಳೆದಿದ್ದು ಯಾವ್ದೋ, ನಿಲ್ಸೋವಾಗ ಯಾರಾನಾ ಬದ್ಲಾಯ್ಸಿರ್ಬೇಕು."

ಕಾರ್ಖಾನೆಯವರು ಮೊದಲು ಮಾಡಿದ್ದೇ ಸರಿಯಾಗಿತ್ತು. ಸರಿಯಾದದ್ದನ್ನು ತಪ್ಪು ಮಾಡಿಸಲು ನಾನು ಈ ಮನುಷ್ಯನ ಕಣ್ಣಿನ ಕೊನೆಯ ವರ್ಷವನ್ನು ತೆಗೆದುಕೊಂಡಿದ್ದೆ. ತಪ್ಪು ನನ್ನದೇ ಎಂದು ಗೊತ್ತಿದ್ದೂ ಸಿಟ್ಟಿನಲ್ಲೇ ಕೇಳಿದೆ, ನನಗೆ ಬೇರೆ ದನಿ ಬರುವುದಿಲ್ಲ:

"ಗೊತ್ತಿದ್ದೂ ಅವತ್ತೇ ಯಾಕೆ ಹೇಳಲಿಲ್ಲ ನೀವು?"

ಅವರು ತೋಳನ್ನು ಕೆಳಗಿಳಿಸಿ ಗುಂಡಿ ಹುಡುಕಿ ಹಾಕಿಕೊಂಡರು.

"ಏಳಕ್ಕೇಂತ ಬಾಯ್ ತೆಗ್ದೆ ಸಾ. ಅಷ್ಟೊತ್ಗೆ ನೀವ್ ಕಾಗ್ದ ಬರ್ಯಕ್ ಕೂತ್ಬುಟ್ಟಿದ್ರಿ. ಓದಿದೋರು, ನಂಗಿಂತ ನಿಮ್ಗೇ ಗೊತ್ತಿರ್ತದೆ ಅಂತ ಸುಮ್ಕಾದೆ."